ಹಳೇ ಬ್ಯಾಟರಿಗೆ ಹೊಸ ಅಂಗಿ

ಜನವರಿ 11

ತಮ್ಮಾ,

ಕಂಪನಿಯವರು ಕೊಡುತ್ತೇವೆ ಎಂದದ್ದು: ಬೆಸುಗೆ ಮೇಜಿನ ಮೇಲೆ ಹೊಗೆ ಎಳೆಯುವ ಫ್ಯಾನು. ಬೆನ್ನಿಗೆ ಆಸರೆಯಿರುವ ಕುರ್ಚಿ, ಹನ್ನೆರಡು. ಯಾರ ಮೇಲಾದರೂ ದೂರು ಬಂದರೆ ಅವಳ ಮಾತನ್ನೂ ಕೇಳುವ ವಿಚಾರಣೆ. ಅಂಗಡಿಯಿಂದ ವಾಪಸು ಬಂದ ಬ್ಯಾಟರಿಗಳನ್ನು ನಮ್ಮ ಕಣ್ಣೆದುರೇ ಬಿಚ್ಚಿ ನೋಡುವುದು.

ಕೊಟ್ಟದ್ದು: ಫ್ಯಾನು ಬಂತು, ಮ್ಯಾನೇಜರ್ ಕೋಣೆಗೆ. ಕುರ್ಚಿ ಬರಲಿಲ್ಲ. ವಿಚಾರಣೆ ಹನ್ನೊಂದು ನಿಮಿಷ ನಡೆಯಿತು, ಅದರಲ್ಲಿ ಏಳು ನಿಮಿಷ ಅವರು ಚಹಾ ಕುಡಿದರು. ಬ್ಯಾಟರಿ ಬಿಚ್ಚಲಿಲ್ಲ, 'ಎಲ್ಲ ನಾಶ ಮಾಡಿದ್ದೇವೆ' ಎಂದರು. ಮೂವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು: ನಾನು, ನಮ್ಮ ಮೇಜಿನವರೇ ಆದ ಉದ್ದಕ್ಕ, ಚಶ್ಮಾ. ಕಾರಣ, ಬೆಸುಗೆ ಸರಿಯಿಲ್ಲ. ಹಾಗಂತ ಬರೆದ ವರದಿಯ ಕೆಳಗೆ ಸಹಿ ಹಾಕಿದವನು ಕಂಪನಿಯ ಗುಣಮಟ್ಟ ಪರೀಕ್ಷಕ. ಅಂದರೆ ನೀನು. ನನ್ನ ಒಡಹುಟ್ಟಿದವನು.

ಹದಿನಾಲ್ಕು ತಿಂಗಳು ಒಂದು ಸುದ್ದಿಯಿಲ್ಲ ನಿನ್ನದು. ನಿನ್ನೆ ಅಮ್ಮ ನಿನ್ನ ಮನೆಗೆ ಹೋಗಿ ಬಂದವಳು ಒಂದು ಚೀಟಿ ತಂದು ನನ್ನ ಮುಂದಿಟ್ಟಳು. 'ಪೆಟ್ರೋಲಿನ ರಿಮೋಟ್ ದೋಣಿಯ ರಿಸೀವರಿಗೆ ಚಾರ್ಜ್ ಮಾಡುವ ಯಾವ ಬ್ಯಾಟರಿ ಒಳ್ಳೆಯದು, ಅಕ್ಕನನ್ನು ಕೇಳಿ ಹೇಳು.'

ಅಲ್ಲವೋ, ಬ್ಯಾಟರಿ ಕಂಪನಿಯಲ್ಲಿ ಬ್ಯಾಟರಿ ಪರೀಕ್ಷೆ ಮಾಡಿ ಸಂಬಳ ತಗೊಳ್ಳುವವನು ನೀನು. ಬೆಸುಗೆ ಬಾರದವಳು ಅಂತ ಮನೆಗೆ ಅಟ್ಟಿಸಿಕೊಂಡವಳು ನಾನು. ಮುಳುಗೋ ದೋಣಿಗೆ ತೂತು ಕೊರೆದವನೇ ಬಂದು ಈಜು ಕಲಿಸು ಅಂದ ಹಾಗಾಯಿತು.

ಕೇಳುವುದಿದ್ದರೆ ನೇರವಾಗಿ ಕೇಳು. ಕಾಗದದಲ್ಲಿ ಕೇಳು, ತಾರೀಕು ಹಾಕು, ಸಹಿ ಹಾಕು. ವಿಚಾರಣೆಯ ಹಿಂದಿನ ದಿನ ಫೋನಿನಲ್ಲಿ 'ನಾನಿದ್ದೀನಿ ಅಕ್ಕಾ, ಹೆದರಬೇಡ' ಅಂದಿದ್ದೆ. ಫೋನಿನ ಮಾತು ಗಾಳಿಗೆ ಹೋಯಿತು. ನಿನ್ನ ಸಹಿ ಮಾತ್ರ ಉಳಿಯಿತು.

ಅಕ್ಕ


ಜನವರಿ 19

ಅಕ್ಕಾ,

ಬೈದೆ. ಬೈಸಿಕೊಂಡೆ. ಈಗ ಸಮಾಧಾನವೇ?

ಆ ವರದಿ ಟೈಪ್ ಆಗಿಯೇ ನನ್ನ ಮೇಜಿಗೆ ಬಂತು. ಎಲ್ಲಿ ಅಂತ ಬೆರಳಿಟ್ಟು ತೋರಿಸಿದರು, ಅಲ್ಲಿ ಸಹಿ ಹಾಕಿದೆ. ಹಾಕದಿದ್ದರೆ ಇನ್ನೊಬ್ಬ ಹಾಕುತ್ತಿದ್ದ. ವಿಭಾಗದ ಮುಖ್ಯಸ್ಥನನ್ನಾಗಿ ಮಾಡುತ್ತೇವೆ ಅಂದಿದ್ದರು. ಮಾಡಿಲ್ಲ. ಇದನ್ನು ಕೇಳಿ ನಿನಗೆ ಖುಷಿಯಾದರೆ ಆಗಲಿ.

ವಿಷಯ ಇಷ್ಟು. ಕಂಪನಿಯ ಯಜಮಾನರಿಗೆ ರಿಮೋಟ್ ದೋಣಿಯ ಹುಚ್ಚು, ನಿನಗೆ ಗೊತ್ತು. ಅವರಿಗಾಗಿ ನಾನೇ ನಾಲ್ಕಡಿ ಉದ್ದದ ಪೆಟ್ರೋಲ್ ದೋಣಿ ಕಟ್ಟಿದ್ದೇನೆ. ಆರು ತಿಂಗಳ ಕೆಲಸ. ಮಾರ್ಚ್ 8ರ ಶನಿವಾರ ಪಾರ್ಕಿನ ಕೊಳದಲ್ಲಿ ನಮ್ಮ ಬ್ಯಾಟರಿ ಕೊಳ್ಳಲು ಬರುವ ಹೊರಗಿನ ವ್ಯಾಪಾರಿಗಳ ಮುಂದೆ ಅದನ್ನು ಓಡಿಸಿ ತೋರಿಸಬೇಕು. ಓಡಿಸುವವನೂ ನಾನೇ.

ಪೆಟ್ರೋಲ್ ಎಂಜಿನ್ ಆದ್ದರಿಂದ ಒಳಗೆ ಬೇರೆ ದೊಡ್ಡ ಬ್ಯಾಟರಿ ಇಲ್ಲ. ದಡದಿಂದ ನಾನು ಒತ್ತಿದ್ದನ್ನು ಕೇಳಿಸಿಕೊಳ್ಳುವ ರಿಸೀವರಿಗೂ, ಚುಕ್ಕಾಣಿ ತಿರುಗಿಸುವ ಮೋಟಾರಿಗೂ, ಎಂಜಿನ್ನಿನ ವೇಗ ಏರಿಸಿ ಇಳಿಸುವ ಮೋಟಾರಿಗೂ ಅದೊಂದೇ ಪುಟ್ಟ ಬ್ಯಾಟರಿ ಜೀವ. ಅದು ಸತ್ತರೆ ಎಂಜಿನ್ ಸಾಯುವುದಿಲ್ಲ, ಅದೇ ತೊಂದರೆ. ಯಾವ ವೇಗದಲ್ಲಿತ್ತೋ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಹಗ್ಗ ಹರಿದ ಹೋರಿ.

ನಮ್ಮ ಕಂಪನಿಯ ಬ್ಯಾಟರಿಯನ್ನೇ ಅದಕ್ಕೆ ಹಾಕಲು ನನಗೆ ಧೈರ್ಯವಿಲ್ಲ. ಈ ಮಾತು ನಿನ್ನಲ್ಲೇ ಇರಲಿ. ಹೇಳು ಅಕ್ಕಾ, ಯಾವುದು ತಗೊಳ್ಳಲಿ?

ನಿನ್ನ ಕಪ್ತಾನ
(ನೀನೇ ಇಟ್ಟ ಹೆಸರು, ಅದನ್ನಾದರೂ ವಾಪಸು ತಗೋಬೇಡ)


ಫೆಬ್ರವರಿ 2

ಕಪ್ತಾನನಿಗೆ,

ಉತ್ತರ ಕೊಡಬಾರದು ಅಂತಲೇ ಇದ್ದೆ. ಅಮ್ಮ ಅಂದಳು, 'ಅವನ ಮುಖ ನೋಡಬೇಡ ಬೇಕಾದರೆ. ಕೆಲಸದ ಮಾತು ಕೇಳಿದ್ದಾನೆ, ಹೇಳು. ಗೊತ್ತಿದ್ದೂ ಹೇಳದೆ ಇರೋದು ಮ್ಯಾನೇಜರ್ ಬುದ್ಧಿ.' ಆದ್ದರಿಂದ ಹೇಳುತ್ತೇನೆ.

ನಾಲ್ಕು ಸೆಲ್ಲಿನ ಕಟ್ಟು ಬೇಡ, ಐದು ಸೆಲ್ಲಿನದು ತಗೋ. ಚುಕ್ಕಾಣಿ ಮೋಟಾರು ಜೋರಾಗಿ ಎಳೆದಾಗ ನಾಲ್ಕರದು ಕುಸಿಯುತ್ತದೆ, ರಿಸೀವರಿಗೆ ತಲೆಸುತ್ತು ಬರುತ್ತದೆ. ಐದರದು ಆರು ವೋಲ್ಟು, ಸುಸ್ತಾದರೂ ನಿಂತಿರುತ್ತದೆ. ನಿನ್ನ ಮೋಟಾರುಗಳು ಆರು ವೋಲ್ಟು ತಾಳುತ್ತವೆಯೇ ಅಂತ ಮೊದಲು ನೋಡಿಕೊ.

ಸ್ಪ್ರಿಂಗ್ ಡಬ್ಬಿಯಲ್ಲಿ ಬಿಡಿ ಸೆಲ್ಲು ತುರುಕಬೇಡ. ಪೆಟ್ರೋಲ್ ಎಂಜಿನ್ ನಡುಗುವ ನಡುಕಕ್ಕೆ ಸ್ಪ್ರಿಂಗು ಕೈಬಿಡುತ್ತದೆ. ಬೆಸುಗೆ ಹಾಕಿದ ಕಟ್ಟೇ ಆಗಬೇಕು. ಹೌದು, ಬೆಸುಗೆ.

ಲಿಥಿಯಂ ಹಗುರ ಅಂತ ಯಾರಾದರೂ ಹೇಳಿಯಾರು. ಹಗುರ ಬೇಕಾದದ್ದು ವಿಮಾನ ಹಾರಿಸುವವರಿಗೆ. ದೋಣಿಯ ತಳದಲ್ಲಿ ಸ್ವಲ್ಪ ತೂಕ ಇದ್ದರೆ ಅದು ಇನ್ನೂ ನೆಟ್ಟಗೆ ನಿಲ್ಲುತ್ತದೆ. ಪೆಟ್ಟು ಬಿದ್ದರೆ ಉಬ್ಬಿ ಹೊತ್ತಿಕೊಳ್ಳುವ ಸಾಮಾನನ್ನು ಪೆಟ್ರೋಲ್ ಟ್ಯಾಂಕಿನ ಪಕ್ಕ ಯಾಕೆ ಮಲಗಿಸುತ್ತೀ? ನಿಕಲ್ ಮೆಟಲ್ ಹೈಡ್ರೈಡ್ ಸಾಕು. ಅದರಲ್ಲೂ ಚಾರ್ಜು ಮಾಡಿ ತಿಂಗಳಿಟ್ಟರೂ ಇಳಿದು ಹೋಗದ ಬಗೆಯದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರು ನಿಲ್ಲುವ ತಳದಿಂದ ಮೇಲಕ್ಕೆ ಕಟ್ಟು.

ಇನ್ನು ಮುಖ್ಯವಾದದ್ದು. ಕಟ್ಟಿನ ಮೇಲೆ ಬಿಸಿಗಾಳಿ ಹೊಡೆದು ಬಿಗಿಯುವ ಪ್ಲಾಸ್ಟಿಕ್ ಹೊದಿಕೆ ಇದೆಯಲ್ಲ, ನಾವು ಅದಕ್ಕೆ ಅಂಗಿ ಅನ್ನುತ್ತಿದ್ದೆವು. ಎಷ್ಟು ಚಾರ್ಜು ಹಿಡಿಯುತ್ತದೆ ಅಂತ ಆ ಅಂಗಿಯ ಮೇಲೆ ಅಚ್ಚಾದ ಸಂಖ್ಯೆ ನಂಬಬೇಡ. ಎರಡು ಸಾವಿರ ಅಂತ ಬರೆಯಲು ಮಸಿ ಸಾಕು, ತುಂಬಲು ಮಾಲು ಬೇಕು. ತೂಗಿ ನೋಡು. ಸರಿಯಾದ ಸೆಲ್ಲು ಇಪ್ಪತ್ತೆಂಟು, ಮೂವತ್ತು ಗ್ರಾಂ ಬರುತ್ತದೆ. ಇಪ್ಪತ್ತರ ಹತ್ತಿರ ಬಂದರೆ ಮುಟ್ಟಬೇಡ. ಎಂಟು ವರ್ಷ ಅಂಗೈಯಲ್ಲೇ ತೂಗಿದವಳು ಹೇಳುತ್ತಿದ್ದೇನೆ. ಮ್ಯಾನೇಜರ್ ಅಗ್ಗದ ಹಗುರ ಸೆಲ್ಲು ತರಿಸಿದಾಗ ಎರಡನ್ನು ಅವರ ಎರಡು ಕೈಲಿಟ್ಟು 'ನೀವೇ ನೋಡಿ ಸಾರ್' ಅಂದಿದ್ದೆ. ಅವರು ನೋಡಿದ್ದು ಸೆಲ್ಲನ್ನಲ್ಲ, ನನ್ನನ್ನು. ಅವತ್ತೇ ನನ್ನ ಲೆಕ್ಕ ಮುಗಿದಿತ್ತು.

ವಾಪಸು ಬಂದವು ಬೆಸುಗೆ ಬಿಟ್ಟಿದ್ದಕ್ಕಲ್ಲ, ಸೆಲ್ಲು ಸತ್ತಿದ್ದಕ್ಕೆ. ನಿನಗೂ ಗೊತ್ತಿತ್ತು. ಸಾಬೀತು ಮಾಡುವ ದಾರಿಯೂ ನನಗಿತ್ತು. ನಮ್ಮ ಮೇಜಿನ ಹನ್ನೆರಡು ಮಂದಿಗೂ ಒಂದೊಂದು ಉಗುರು ಬಣ್ಣ. ಕೊನೆಯ ಸೆಲ್ಲಿನ ತಳಕ್ಕೊಂದು ಚುಕ್ಕೆ ಇಟ್ಟು ಮೇಲೆ ಅಂಗಿ ತೊಡಿಸುತ್ತಿದ್ದೆವು, ಯಾರ ಕೈ ತಪ್ಪಿದೆಯೋ ಅವಳೇ ಒಪ್ಪಿಕೊಳ್ಳಲಿ ಅಂತ. ನನ್ನದು ಹಸಿರು. ಆ ಸೀಸೆ ತಂದುಕೊಟ್ಟವನು ನೀನೇ, 'ಈ ಬಣ್ಣ ದೆವ್ವವೂ ಹಚ್ಚಲ್ಲ ತಗೋ' ಅಂತ ನಕ್ಕು. 'ನನ್ನ ಹಸಿರು ಚುಕ್ಕೆಯ ಒಂದು ಕಟ್ಟು ಬಿಚ್ಚಿ, ಬೆಸುಗೆ ಬಿಟ್ಟಿದ್ದರೆ ತೋರಿಸಿ' ಅಂತ ವಿಚಾರಣೆಯಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ಮಾಲಿನ ಮೇಲೆ ಗುರುತು ಹಾಕಿದರೆ ವಜಾ ಅಂತ ನಿಯಮ. ನಾನು ಬಾಯಿ ಬಿಟ್ಟರೆ ಒಳಗಿರುವ ಒಂಬತ್ತು ಮಂದಿಯೂ ಬೀದಿಗೆ. ಸುಮ್ಮನಿದ್ದೆ. ತಪ್ಪು ಮಾಡಿದೆನೋ ಏನೋ.

ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹಾಕಿದ್ದೇವೆ. ಏಪ್ರಿಲ್ 22ಕ್ಕೆ ಕೊನೆಯ ಸಾಕ್ಷಿ. ನಮ್ಮ ಕೈಯಲ್ಲಿ ಏನೂ ಇಲ್ಲ. ಅವತ್ತು ಸೋತರೆ ಬೆಸುಗೆ ಬಾರದವಳು ಅನ್ನುವ ಹಣೆಪಟ್ಟಿ ಸಾಯುವವರೆಗೂ ನನ್ನದೇ. ಯಾವ ಕಾರ್ಖಾನೆಯವನೂ ಗೇಟಿನ ಒಳಗೆ ಬಿಡುವುದಿಲ್ಲ. ಇದನ್ನೂ ನಿನ್ನ ಕಿವಿಗೆ ಹಾಕಿದ್ದೇನೆ.

ಅಕ್ಕ


ಫೆಬ್ರವರಿ 27

ಅಕ್ಕಾ,

ನೀನು ಹೇಳಿದಂತೆಯೇ ಐದು ಸೆಲ್ಲಿನ ಕಟ್ಟು ಹೊರಗಿನ ಅಂಗಡಿಯಿಂದ ತಂದೆ. ಅಡಿಗೆಮನೆ ತಕ್ಕಡಿಯಲ್ಲಿಟ್ಟೆ: ನೂರ ನಲವತ್ತಾರು ಗ್ರಾಂ. ಪಕ್ಕದಲ್ಲಿ ನಮ್ಮ ಕಂಪನಿಯದು, ಜನವರಿಯ ಹೊಸ ಮಾಲು: ನೂರ ನಾಲ್ಕು. ಎರಡರ ಅಂಗಿಯ ಮೇಲೂ ಒಂದೇ ಸಂಖ್ಯೆ. ನನ್ನವಳು ನೋಡಿ 'ತಕ್ಕಡಿ ಕೆಟ್ಟಿದೆಯೇನ್ರೀ' ಅಂದಳು. ಹೌದು ಅಂದುಬಿಟ್ಟೆ.

ಹೊರಗಿನದನ್ನು ದೋಣಿಯಲ್ಲಿ ಕೂರಿಸಿದೆ. ಮ್ಯಾನೇಜರ್ ಬಂದು ಮುಚ್ಚಳ ತೆಗೆದು ನೋಡಿದರು. 'ಹೋಟೆಲ್ ಇಟ್ಟವನು ಗಿರಾಕಿ ಮುಂದೆ ಪಕ್ಕದ ಹೋಟೆಲಿನ ಊಟ ತರಿಸಿ ತಿಂತಾನೇನಯ್ಯಾ?' ಅಂದರು. ತೂಕದ ಮಾತು ಎತ್ತಿದೆ. 'ನಿಮ್ಮಕ್ಕನ ರೋಗ ನಿಂಗೂ ಅಂಟ್ತಾ?' ಅಂದರು. ಹೊರಗಿನದನ್ನು ಬಿಚ್ಚಿ ತೆಗೆದೆ.

ನಮ್ಮದನ್ನೇ ಹಾಕಿದ್ದೇನೆ. ಹತ್ತು ನಿಮಿಷದ ಓಟ ತಾನೇ, ಅಷ್ಟಕ್ಕೆ ಸಾಲುತ್ತದೆ. ಆ ಶನಿವಾರವೊಂದು ಕಳೆದರೆ ಮುಖ್ಯಸ್ಥನ ಹುದ್ದೆಯ ಕಾಗದ ಕೈಗೆ ಬರುತ್ತದೆ. ಆಗ ಒಳಗಿನಿಂದಲೇ ನಿನಗೇನಾದರೂ ಮಾಡಬಹುದು.

ಕಪ್ತಾನ


ಮಾರ್ಚ್ 3

ಹಾಕಬೇಡ.

ಹಾಕಲೇಬೇಕು ಅಂತಾದರೆ ನೀರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದಂತೆ ಮೊದಲು ನೋಡಿಕೊ.

ಅಕ್ಕ


ಮಾರ್ಚ್ 20

ಅಕ್ಕಾ,

ಇಷ್ಟು ಹೊತ್ತಿಗೆ ನಿನಗೆ ಸುದ್ದಿ ಬಂದಿರುತ್ತದೆ. ಆದರೂ ನಾನೇ ಹೇಳಬೇಕು.

ದಡದಲ್ಲಿ ಕುರ್ಚಿ ಹಾಕಿದ್ದರು. ಬೆನ್ನಿಗೆ ಆಸರೆಯಿರುವಂಥವು. ಕೊಳದ ಆ ಮೂಲೆಯಲ್ಲಿ ಕಳೆ ತೆಗೆಯುವವನು ಸೊಂಟಮಟ್ಟ ನೀರಲ್ಲಿ ನಿಂತು ಬಳ್ಳಿ ಎಳೆದು ಬುಟ್ಟಿಗೆ ಹಾಕುತ್ತಿದ್ದ. 'ಸಾರ್, ಅವನನ್ನು ಮೇಲೆ ಕರೀಲಾ?' ಅಂತ ಮ್ಯಾನೇಜರನ್ನು ಕೇಳಿದೆ. 'ಮೂಲೇಲಿದ್ದಾನೆ, ಇರ್ಲಿ ಬಿಡು, ವ್ಯಾಪಾರಿಗಳು ಕಾಯ್ತಿದ್ದಾರೆ' ಅಂದರು. ನಿನ್ನ ಪತ್ರ ನನ್ನ ಅಂಗಿಯ ಜೇಬಿನಲ್ಲಿತ್ತು. ನಾಲ್ಕು ಸಲ ಓದಿದ್ದೆ. ಆದರೂ ಎಂಜಿನ್ ಶುರು ಮಾಡಿದೆ.

ಎರಡು ಸುತ್ತು ಚೆನ್ನಾಗಿ ಬಂತು. ಚಪ್ಪಾಳೆ ಬಿತ್ತು. ಮೂರನೆಯ ಸುತ್ತಿಗೆ ಪೂರ್ತಿ ವೇಗ ಕೊಟ್ಟು ತಿರುಗಿಸಿದೆ, ತಿರುಗಲಿಲ್ಲ. ವೇಗ ಇಳಿಸಿದೆ, ಇಳಿಯಲಿಲ್ಲ. ಕೈಯಲ್ಲಿ ರಿಮೋಟ್ ಇತ್ತು, ಅದಕ್ಕೂ ದೋಣಿಗೂ ಸಂಬಂಧ ಹರಿದಿತ್ತು. 'ಏಯ್, ಪಕ್ಕಕ್ಕೆ, ಪಕ್ಕಕ್ಕೆ!' ಅಂತ ಕೂಗಿದೆ. ಅವನು ತನ್ನನ್ನು ಬೈಯುತ್ತಿದ್ದಾರೆ ಅಂದುಕೊಂಡು ಬುಟ್ಟಿ ಎತ್ತಿಕೊಳ್ಳಲು ಬಗ್ಗಿದ. ದೋಣಿಯ ಪಂಖಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು.

ಅದರ ಮುಂದಿನ ಸೋಮವಾರ ನನ್ನ ಮೇಜಿನ ಮೇಲೆ ಟೈಪ್ ಆದ ವರದಿ ಇತ್ತು. 'ಅಪಘಾತಕ್ಕೆ ಚಾಲಕನ ಅಜಾಗರೂಕತೆ ಕಾರಣ. ಬ್ಯಾಟರಿಯಲ್ಲಿ ದೋಷವಿಲ್ಲ.' ಚಾಲಕ ನಾನು. ಕೆಳಗೆ ಸಹಿಗೆ ಜಾಗ. ಎಲ್ಲಿ ಅಂತ ಬೆರಳಿಟ್ಟು ತೋರಿಸಿದರು.

ಇನ್ನೂ ಹಾಕಿಲ್ಲ. ದೋಣಿ ಬಿಚ್ಚುವಾಗ ಬ್ಯಾಟರಿಯನ್ನು ಜೇಬಿಗೆ ಹಾಕಿಕೊಂಡು ಬಂದಿದ್ದೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಂಗಿ ಸೀಳಿದೆ. ಅಂಗಿಯ ಮೇಲಿನ ತಾರೀಕು ಈ ಜನವರಿಯದು. ಒಳಗೆ ಕೊನೆಯ ಸೆಲ್ಲಿನ ತಳದಲ್ಲಿ ಹಸಿರು ಚುಕ್ಕೆ.

ನೀನು ಮನೆಗೆ ಹೋಗಿ ಹದಿನಾರು ತಿಂಗಳಾಗಿದೆ ಅಕ್ಕಾ. ನಾಶ ಮಾಡಿದ್ದೇವೆ ಅಂದದ್ದೆಲ್ಲ ಗೋದಾಮಿನಲ್ಲೇ ಇತ್ತು. ಹಳೆಯದಕ್ಕೆ ಹೊಸ ಅಂಗಿ ತೊಡಿಸಿ ಮಾರುತ್ತಿದ್ದಾರೆ. ನಿನ್ನ ಬೆಸುಗೆಯನ್ನು ಎಳೆದು ನೋಡಿದೆ. ಅಲ್ಲಾಡಲಿಲ್ಲ.

ಏನು ಮಾಡಲಿ?

ತಮ್ಮ


ಮಾರ್ಚ್ 26

ತಮ್ಮಾ,

ಏನು ಮಾಡಲಿ ಅಂತ ಕೇಳುವ ವಯಸ್ಸಲ್ಲ ನಿನ್ನದು. ಆದರೂ ಹೇಳುತ್ತೇನೆ.

ಆ ಕಟ್ಟನ್ನು ಯಾರ ಕೈಗೂ ಕೊಡಬೇಡ. ಏಪ್ರಿಲ್ 22ರ ಮಂಗಳವಾರ ನ್ಯಾಯಾಲಯಕ್ಕೆ ಬಾ. ಮೇಜಿನ ಮೇಲಿಡು. ನೋಡಿದ್ದನ್ನು ಹೇಳು. ಹೆಚ್ಚಿಗೆ ಒಂದು ಅಕ್ಷರ ಬೇಡ.

ಕಳೆ ತೆಗೆಯುವವನನ್ನು ನೋಡಿ ಬಂದೆ. ಒಂದೇ ಕೋಣೆ, ಒಂದೇ ಕಿಟಕಿ. ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದ. ನೀನು ನನ್ನ ತಮ್ಮ ಅಂತ ಹೇಳಿಕೊಂಡೆ. ಮುಚ್ಚಿಡಲಿಲ್ಲ. ಅವನು ಅಂದದ್ದು: 'ಕೂಗಿದ್ನಮ್ಮಾ ಆ ಹುಡುಗ, ಕೂಗಿದ್ದು ಕೇಳಿಸ್ತು. ನಮ್ಮಂಥೋರಿಗೆ ದಿನಾ ಯಾರಾದ್ರೂ ಪಕ್ಕಕ್ಕೆ ಹೋಗು ಅಂತ ಕೂಗ್ತಾನೇ ಇರ್ತಾರೆ. ಇದು ನಿಜವಾದ್ದು ಅಂತ ಹೇಗೆ ಗೊತ್ತಾಗ್ಬೇಕು?'

ಇದಕ್ಕೆ ಉತ್ತರ ನಿನಗೆ ಗೊತ್ತಿದ್ದರೆ ಬರೆದು ಕಳಿಸು, ಅವನಿಗೆ ಓದಿ ಹೇಳುತ್ತೇನೆ.

ಇನ್ನೊಂದು ಕೇಳು. ಚುಕ್ಕೆಯ ಗುಟ್ಟು ಹೊರಬಿದ್ದರೆ ಒಳಗಿರುವ ಒಂಬತ್ತು ಮಂದಿಯ ಕುತ್ತಿಗೆಗೂ ಬರುತ್ತದೆ. ಅವರನ್ನು ಕೇಳದೆ ನಾನು ಹೆಜ್ಜೆ ಇಡುವುದಿಲ್ಲ. ಕೇಳಲು ಹೋಗುತ್ತಿದ್ದೇನೆ. ಅವರು ತಮ್ಮ ಅನ್ನವನ್ನು ಪಣಕ್ಕಿಡುವ ಹೊತ್ತಿಗೆ ನೀನು ನಿನ್ನ ಕುರ್ಚಿಯನ್ನಾದರೂ ಇಡು.

ಅಕ್ಕ


ಏಪ್ರಿಲ್ 5

ಅಕ್ಕಾ,

ಕೊಟ್ಟುಬಿಟ್ಟೆ.

ಮ್ಯಾನೇಜರ್ ಕರೆದು, 'ದೋಣಿಯಿಂದ ಒಂದು ಸಾಮಾನು ಕಾಣೆಯಾಗಿದೆ, ಕಳ್ಳತನದ ದೂರು ಕೊಡೋದು ನಂಗೂ ಇಷ್ಟ ಇಲ್ಲ' ಅಂದರು. ದನಿ ಎತ್ತಲಿಲ್ಲ. ಪಕ್ಕದಲ್ಲೇ ಮುಖ್ಯಸ್ಥನ ಕಾಗದ ಇತ್ತು, ನನ್ನ ಹೆಸರು ಟೈಪ್ ಆಗಿತ್ತು. ವರದಿಯನ್ನೂ ತಿದ್ದಿದ್ದರು. ಚಾಲಕ ಅನ್ನುವುದನ್ನು ಹೊಡೆದು ಹಾಕಿ 'ಕಳೆ ತೆಗೆಯುವವನು ಸೂಚನೆ ಪಾಲಿಸಲಿಲ್ಲ' ಅಂತ ಮಾಡಿದ್ದರು.

ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಸಹಿ ಹಾಕಿದೆ. ಅವರು ಅದನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದರು.

ನನಗೂ ಸಂಸಾರ ಇದೆ. ನೀನು ಹುಟ್ಟಿನಿಂದಲೂ ಗಟ್ಟಿ, ನಾನಲ್ಲ. ನ್ಯಾಯಾಲಯಕ್ಕೆ ನನ್ನನ್ನು ಕರೆಸಬೇಡ. ಕರೆಸಿದರೆ ವರದಿಯಲ್ಲಿ ಇರುವುದನ್ನೇ ಹೇಳಬೇಕಾಗುತ್ತದೆ. ಅಮ್ಮನಿಗೆ ಹೇಳಬೇಡ.

ತಮ್ಮ


ಏಪ್ರಿಲ್ 15

ತಮ್ಮಾ,

ಅಮ್ಮನಿಗೆ ಹೇಳಿದೆ. 'ಅವನಿಗೆ ಉಣ್ಣಿಸಿದ್ದು ನಾನೇ ಅಲ್ಲವಾ' ಅಂದಳು. ಈಗ ನಿನ್ನ ಮನೆಗೆ ಹೊರಡುವ ಮಾತೆತ್ತುವುದಿಲ್ಲ. ನಾನು ತಡೆದಿಲ್ಲ.

ನಿನ್ನ ಪತ್ರ ಬಂದ ದಿನ ಉದ್ದಕ್ಕನೂ ಚಶ್ಮಾಳೂ ಇಲ್ಲೇ ಇದ್ದರು. ಓದಿ ಹೇಳಿದೆ. ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಉದ್ದಕ್ಕ ಕೇಳಿದಳು:

'ಎಷ್ಟು ಕೊಟ್ಟ?'

'ಎಷ್ಟು ಅಂದ್ರೆ? ಇದ್ದಿದ್ದೇ ಒಂದು.'

'ಒಂದೇ ಅಲ್ವಾ? ಹಾಗಾದ್ರೆ ಅಂಗಡೀಲಿ ಸಾಲಾಗಿ ನೇತಾಕಿರೋದೆಲ್ಲ ಏನು, ಅವರಪ್ಪನ ಫೋಟೋನಾ?'

ನೋಡು, ಮೂರು ವಾರ ನಾನೂ ಮರುಳಾಗಿದ್ದೆ. ನಿನ್ನ ಜೇಬಿನಲ್ಲಿರುವ ಒಂದು ಕಟ್ಟೇ ಲೋಕದಲ್ಲಿ ಇರುವುದು, ನೀನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಅಂತ ಕೂತಿದ್ದೆ. ನಿನ್ನನ್ನು ಅಷ್ಟು ದೊಡ್ಡವನನ್ನಾಗಿ ಮಾಡಿದ್ದು ನನ್ನ ತಪ್ಪು.

ಮೂರು ಅಂಗಡಿಗಳಿಂದ ಆರು ಕಟ್ಟು ತಂದೆವು, ರಸೀದಿ ಸಮೇತ. ವಕೀಲರ ಮೇಜಿನ ಮೇಲೆ, ಅವರ ಗುಮಾಸ್ತನ ಮುಂದೆ ಸೀಳಿದೆವು. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಚಶ್ಮಾ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು, ಅವಳಿಗೆ ಅಳು ಬಂದರೆ ಹಾಗೆಯೇ. ಮೂರನೆಯದರಲ್ಲಿ ಕೆಂಪು. ಕೆಂಪು ಉದ್ದಕ್ಕನದು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, 'ನನ್ನದೇ ಕಣ್ರೇ. ಬೆಸುಗೆ ನೋಡ್ರೇ, ಇನ್ನೂ ಹೊಳೀತಿದೆ' ಅಂದಳು. ಗುಮಾಸ್ತ ಮೀಟರ್ ಹಚ್ಚಿ ನೋಡಿದ. ಸೆಲ್ಲು ಸತ್ತಿತ್ತು, ಬೆಸುಗೆ ಬದುಕಿತ್ತು. ಐದನೆಯದರಲ್ಲಿ ಹಸಿರು. ಎರಡರ ಅಂಗಿಯ ಮೇಲೂ ಈ ವರ್ಷದ ತಾರೀಕು.

ಒಳಗಿನ ಒಂಬತ್ತು ಮಂದಿಯನ್ನು ಕೇಳಿದ್ದಾಯಿತು. ಇಬ್ಬರು ಹೆದರಿದರು, ಹೆದರುವುದು ತಪ್ಪಲ್ಲ. ಗೊಣಗಮ್ಮ, ದಿನವಿಡೀ ಗೊಣಗುತ್ತಿದ್ದಳಲ್ಲ, ಅವಳೇ ಎದ್ದು ನಿಂತಳು. 'ಹೇಳ್ಬಿಡೇ. ಹೊಗೆ ಕುಡಿದು ಕೆಮ್ಮಿ ಸಾಯೋದು ಹೇಗೂ ಇದೆ. ಬಾಯಿ ಬಿಟ್ಟು ಸಾಯೋಣ' ಅಂದಳು. ಕೊನೆಗೆ ಒಂಬತ್ತು ಮಂದಿಯೂ ತಮ್ಮ ತಮ್ಮ ಬಣ್ಣವನ್ನೇ ಕಾಗದದ ಮೇಲೆ ಒತ್ತಿ ಪಕ್ಕದಲ್ಲಿ ಸಹಿ ಹಾಕಿದ್ದಾರೆ. ಇಬ್ಬರಿಗೆ ಬರೆಯಲು ಬಾರದು, ಅವರದು ಬಣ್ಣ ಮಾತ್ರ. ಆ ಕಾಗದ ನ್ಯಾಯಾಲಯಕ್ಕೆ ಹಾಕಿದ ದಿನವೇ ಅವರ ಕೆಲಸ ಹೋಗಬಹುದು. ಗೊತ್ತಿದ್ದೇ ಒತ್ತಿದ್ದಾರೆ. ನಿನಗೆ ಎಲ್ಲಿ ಅಂತ ಬೆರಳಿಟ್ಟು ತೋರಿಸಬೇಕಾಯಿತು. ಇವರಿಗೆ ಯಾರೂ ತೋರಿಸಲಿಲ್ಲ.

ನಿನ್ನ ನಾಲ್ಕು ಪತ್ರಗಳು ನನ್ನ ಪೆಟ್ಟಿಗೆಯಲ್ಲಿವೆ. ತಾರೀಕಿದೆ, ಸಹಿಯಿದೆ. ನೂರ ನಲವತ್ತಾರು ಗ್ರಾಂ, ನೂರ ನಾಲ್ಕು ಗ್ರಾಂ ಅಂತ ನಿನ್ನ ಕೈಬರಹದಲ್ಲೇ ಇದೆ. 'ಅವನನ್ನು ಮೇಲೆ ಕರೀಲಾ' ಅಂತ ಕೇಳಿದ್ದೂ ಇದೆ. ವಕೀಲರು ಕೊಡಿ ಅಂದರು. ಇನ್ನೂ ಕೊಟ್ಟಿಲ್ಲ. ಕನಿಕರದಿಂದ ಅಲ್ಲ. ನಮ್ಮ ಕೆಲಸಕ್ಕೆ ಕೆಂಪೂ ಹಸಿರೂ ಸಾಕು. ನಿನ್ನ ಪತ್ರ ಬೇಕಿರುವುದು ಕಳೆ ತೆಗೆಯುವವನಿಗೆ. ಸೂಚನೆ ಪಾಲಿಸಲಿಲ್ಲ ಅಂತ ಅವನ ಮೇಲೆ ನೀನು ಸಹಿ ಹಾಕಿದ್ದೀಯಲ್ಲ, ಅದಕ್ಕೆ.

ನ್ಯಾಯಾಲಯಕ್ಕೆ ಮೊದಲು ನಾವೆಲ್ಲ ಕೊಳದ ದಡದಲ್ಲಿ ಸೇರುತ್ತೇವೆ. ಅವನೂ ಬರುತ್ತಾನೆ. ಅಮ್ಮನೂ ಬರುತ್ತಾಳೆ. ಅಲ್ಲಿ ಆ ಪತ್ರಗಳನ್ನು ಅವನ ಮುಂದೆ ಗಟ್ಟಿಯಾಗಿ ಓದುವುದು, ಆಮೇಲೆ ವಕೀಲರಿಗೆ ಕೊಡುವುದು ಅಂತ ತೀರ್ಮಾನವಾಗಿದೆ. ನೀನು ಬಂದರೆ ನೀನೇ ಓದು. ಬಾರದಿದ್ದರೆ ನಾನು ಓದುತ್ತೇನೆ. ನನ್ನ ದನಿ ಎಷ್ಟು ದೊಡ್ಡದು ಅಂತ ನಿನಗೆ ಗೊತ್ತಿದೆ.

ಏಪ್ರಿಲ್ 20, ಭಾನುವಾರ, ಸಂಜೆ ನಾಲ್ಕು ಗಂಟೆ.

ಅಕ್ಕ